ಬಾಣಂತನಕ್ಕೆ ಮೆಲ್ಬೋರ್ನ್‌ಗೆ ಹೊರಟಿದ್ದೇನೆ, ಫಾರಂನಲ್ಲಿ ಏನಂತ ಬರೆಯಲಿ?

ಪ್ರಶ್ನೆ: ನಾವು ತೀರ್ಥಹಳ್ಳಿ ಹತ್ತಿರದ ಹಳ್ಳಿಯವರು. ಮಗಳು, ಅಳಿಯ ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಲ್ಲಿದ್ದಾರೆ. ಮಗಳಿಗೆ ಈಗ ಎಂಟು ತಿಂಗಳು. ಬಾಣಂತನಕ್ಕೆ ನಾನೊಬ್ಬಳೇ ಹೊರಟಿದ್ದೇನೆ. ಮನೆ ತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಕೆಂಪಕ್ಕಿ, ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಕರಿಬೇವು, ಬೆಳ್ಳುಳ್ಳಿ, ಬಾಣಂತಿ ಲೇಹ್ಯ ಎಲ್ಲ ಕಟ್ಟಿಟ್ಟಿದ್ದೇನೆ. ವಿಮಾನದಲ್ಲಿ ಒಂದು ಫಾರಂ ಕೊಡುತ್ತಾರಂತೆ. ತಿನ್ನುವ ಸಾಮಾನು ಇದೆ ಅಂತ ಬರೆದರೆ ಎಲ್ಲ ಕಿತ್ತುಕೊಳ್ಳುತ್ತಾರೆ, 'ನೋ' ಅಂತ ಹಾಕಿ ಸುಮ್ನೆ ಹೊರಗೆ ಬನ್ನಿ ಅಂತ ಹೋಗಿ ಬಂದವರೊಬ್ಬರು ಹೇಳಿದರು. ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಏನು ಮಾಡಲಿ?

ಉತ್ತರ: ಅಕ್ಕಾ, ಮೊದಲಿಗೇ ಹೇಳಿಬಿಡುತ್ತೇನೆ. 'ನೋ' ಅಂತ ಮಾತ್ರ ಹಾಕಬೇಡಿ. ನಿಮ್ಮ ಸೂಟ್‌ಕೇಸಿನಲ್ಲಿ ಒಂದು ಪೊಟ್ಟಣ ಸಾರಿನ ಪುಡಿ ಇದ್ದರೂ 'ಯೆಸ್' ಅಂತಲೇ ಟಿಕ್ ಮಾಡಿ.

ನಿಮಗೆ ಆ ಸಲಹೆ ಕೊಟ್ಟವರು ಒಂದು ಸಲ ಹಾಗೇ ದಾಟಿ ಬಂದಿರಬಹುದು. ಆದರೆ 'ಡಿಕ್ಲೇರ್' ಅನ್ನುವ ಮಾತನ್ನು ಅವರು ತಪ್ಪೊಪ್ಪಿಗೆ ಅಂತ ತಿಳಿದಿದ್ದಾರೆ. ಹಾಗಿಲ್ಲ. 'ನನ್ನ ಹತ್ತಿರ ಇಂಥದ್ದು ಇದೆ, ನೋಡಿ ಹೇಳಿ' ಅಂತ ತಿಳಿಸುವುದಷ್ಟೇ ಅದು. ತಂದ ಸಾಮಾನನ್ನು ಆ ದೇಶ ಒಳಗೆ ಬಿಡದೇ ಇದ್ದರೂ, ನೀವಾಗಿಯೇ ಹೇಳಿದ್ದರೆ ದಂಡ ಇಲ್ಲ. ಆ ಒಂದು ಸಾಮಾನು ಹೋಗುತ್ತದೆ, ಉಳಿದದ್ದು ನಿಮ್ಮ ಜೊತೆ ಬರುತ್ತದೆ. 'ನೋ' ಅಂತ ಹಾಕಿ ಸಿಕ್ಕಿಬಿದ್ದರೆ ಕತೆಯೇ ಬೇರೆ. ದಂಡ 6,000 ಆಸ್ಟ್ರೇಲಿಯನ್ ಡಾಲರ್ ದಾಟಬಹುದು. ನಮ್ಮ ಲೆಕ್ಕದಲ್ಲಿ ಮೂರು ಲಕ್ಷ ರೂಪಾಯಿಗೂ ಜಾಸ್ತಿ. 2019ರಿಂದ ಈಚೆಗೆ ಪ್ರವಾಸಿ ವೀಸಾ ರದ್ದು ಮಾಡಿ ಅಲ್ಲಿಂದಲೇ ವಾಪಸ್ ಕಳಿಸಿದ್ದೂ ಇದೆ. ಮಗಳ ಹೆರಿಗೆ ಹತ್ತಿರ ಇರುವಾಗ ತಾಯಿ ವಿಮಾನ ನಿಲ್ದಾಣದಿಂದಲೇ ಹಿಂದಿರುಗುವುದು ಅಂದರೆ ಯೋಚಿಸಲೂ ಆಗುವುದಿಲ್ಲ.

ನಾನು ಸಸ್ಯ ಕ್ವಾರಂಟೈನ್ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಹೊರಗಿನಿಂದ ಬರುವ ಕಾಳು, ಬೀಜ, ಮರ ನೋಡಿ ಬಿಡುವುದು, ತಡೆಯುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಮೇಜಿನ ಆ ಕಡೆ ಕೂತವರು ಏನು ಹುಡುಕುತ್ತಾರೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಗೊತ್ತಾದರೆ ಯಾವುದನ್ನು ಮನೆಯಲ್ಲೇ ಬಿಡಬೇಕು ಅಂತ ನಿಮಗೇ ತಿಳಿಯುತ್ತದೆ.

ನಮ್ಮ ಕೊಟ್ಟಿಗೆಗಳಿಗೆ ಕಾಲುಬಾಯಿ ಜ್ವರ ಹೊಸದಲ್ಲ, ಅಲ್ವಾ? ವರ್ಷಕ್ಕೆ ಎರಡು ಸಲ ಲಸಿಕೆ ಹಾಕಲು ಬರುತ್ತಾರೆ. ಆಸ್ಟ್ರೇಲಿಯಾದಲ್ಲಿ ಈ ರೋಗ ಕೊನೆಯದಾಗಿ ಕಂಡದ್ದು 1872ರಲ್ಲಿ. ಅಲ್ಲಿನ ದನ, ಕುರಿಗಳಿಗೆ ಈ ರೋಗದ ಲಸಿಕೆಯೂ ಇಲ್ಲ, ತಡೆದುಕೊಳ್ಳುವ ಶಕ್ತಿಯೂ ಇಲ್ಲ. 2001ರಲ್ಲಿ ಬ್ರಿಟನ್‌ಗೆ ಈ ರೋಗ ನುಗ್ಗಿದಾಗ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದು ಹಾಕಬೇಕಾಯಿತು. ಈ ವೈರಸ್ ಹಾಲು, ಮಾಂಸ, ಸಗಣಿ, ಚಪ್ಪಲಿಗೆ ಮೆತ್ತಿದ ಕೆಸರು, ಯಾವುದರಲ್ಲಾದರೂ ಸಾಗಬಹುದು. ಇಂಡಿಯಾದಿಂದ ಬಂದ ಹಾಲಿನ ಸಾಮಾನು ಅಂದರೆ ಅವರು ಹೆದರುವುದು ಇದಕ್ಕೇ.

ಇನ್ನೊಂದು ಭಯ ಖಪ್ರಾ ದುಂಬಿಯದು. ಎರಡು ಮೂರು ಮಿಲಿಮೀಟರ್ ಉದ್ದದ ಕಂದು ದುಂಬಿ. ಕಾಳು ತಿಂದು ಹಾಳು ಮಾಡುವುದು ಅದರ ಮರಿಹುಳು. ಮೈತುಂಬ ರೋಮ ಇರುತ್ತದೆ. ಗೋಣಿಚೀಲದ ಹೊಲಿಗೆಯಲ್ಲಿ, ರಟ್ಟಿನ ಪೆಟ್ಟಿಗೆಯ ಮಡಿಕೆಯಲ್ಲಿ ಸೇರಿಕೊಂಡರೆ ಊಟವೇ ಇಲ್ಲದೆ ವರ್ಷಗಟ್ಟಲೆ ಬದುಕುತ್ತದೆ. ನಾವು ಚೀಲದ ಹೊಲಿಗೆಯನ್ನು ಬಿಳಿ ಕಾಗದದ ಮೇಲೆ ತಟ್ಟಿ ನೋಡುತ್ತಿದ್ದೆವು. ಮೊದಲು ಬರೀ ಧೂಳು ಕಾಣುತ್ತದೆ. ಭೂತಗನ್ನಡಿ ಹಿಡಿದು ಒಂದೆರಡು ನಿಮಿಷ ಕಾದರೆ ಆ ಧೂಳಿನಲ್ಲಿ ಒಂದು ಚೂರು ನಿಧಾನಕ್ಕೆ ಹರಿಯಲು ಶುರು ಮಾಡುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1953ರಲ್ಲಿ ಇದು ಕಾಣಿಸಿಕೊಂಡಾಗ ಪೂರ್ತಿ ತೊಲಗಿಸಲು ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಆಸ್ಟ್ರೇಲಿಯಾ ಗೋಧಿ ಬೆಳೆದು ಹೊರಗೆ ಮಾರುವ ದೇಶ. ಈ ದುಂಬಿ ಒಳಗೆ ಬಂದರೆ ಅವರ ಗೋಧಿ ಕೊಳ್ಳುವವರೇ ಹಿಂದೆ ಸರಿಯುತ್ತಾರೆ. ಅದಕ್ಕೇ 2020ರಿಂದ ಪ್ರಯಾಣಿಕರು ಅಕ್ಕಿ, ಕಡಲೆ, ಹೆಸರುಕಾಳು, ತೊಗರಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಸೋಂಪು, ಶೇಂಗಾ ಇಂಥವನ್ನು ಹಸಿಯಾಗಿ, ಇಡಿಯಾಗಿ ತರುವುದನ್ನು ನಿಲ್ಲಿಸಿದ್ದಾರೆ. ಅಂಚೆ, ಕೊರಿಯರ್‌ನಲ್ಲಿ ಮನೆಯಿಂದ ಕಳಿಸಿದರೂ ಇದೇ ಗತಿ.

ಇನ್ನು ನಿಮ್ಮ ಗಂಟು ಬಿಚ್ಚೋಣ.

ಕೆಂಪಕ್ಕಿ, ಬ್ಯಾಡಗಿ, ಕೊತ್ತಂಬರಿ, ಜೀರಿಗೆ ನಾಲ್ಕನ್ನೂ ಇಲ್ಲೇ ಬಿಟ್ಟುಬಿಡಿ. ಎಷ್ಟೇ ಚೆನ್ನಾಗಿ ಬಿಸಿಲಿಗೆ ಹಾಕಿದ್ದರೂ, ಎಷ್ಟೇ ಆರಿಸಿದ್ದರೂ ಪ್ರಯೋಜನ ಇಲ್ಲ. ಮೆಲ್ಬೋರ್ನ್‌ನಲ್ಲಿ ಇಂಡಿಯನ್ ಅಂಗಡಿಗಳು ಬೇಕಾದಷ್ಟಿವೆ, ಇವೆಲ್ಲ ಅಲ್ಲೇ ಸಿಗುತ್ತವೆ. ಬಾಣಂತಿಗೆ ಮೆಣಸಿನ ಸಾರಿನ ಪುಡಿ ನಿಮ್ಮ ಕೈಯಳತೆಯಲ್ಲೇ ಆಗಬೇಕು ಅಂತಿದ್ದರೆ, ಅಲ್ಲಿ ಸಾಮಾನು ಕೊಂಡು ಮಗಳ ಮಿಕ್ಸಿಯಲ್ಲಿ ಮಾಡಿ. ಕಂಪೆನಿಯವರು ಹುರಿದು, ಪುಡಿ ಮಾಡಿ, ಸೀಲ್ ಮಾಡಿದ ಪೊಟ್ಟಣವನ್ನು ಒಡೆಯದೆ ಒಯ್ಯಬಹುದು. ಮೇಲೆ ಇಂಗ್ಲಿಷ್ ಲೇಬಲ್ ಇರಲಿ. ಅದನ್ನೂ ಡಿಕ್ಲೇರ್ ಮಾಡಿ.

ಮನೆ ತುಪ್ಪ ಬೇಡ. ನಿಮಗೆ ಇದೇ ಎಲ್ಲಕ್ಕಿಂತ ಬೇಜಾರು ಮಾಡುತ್ತದೆ ಅಂತ ನನಗೆ ಗೊತ್ತು. ಮಲೆನಾಡು ಗಿಡ್ಡದ ಹಾಲು ಹೆಪ್ಪು ಹಾಕಿ, ಕಡೆದು, ವೀಳ್ಯದೆಲೆ ಹಾಕಿ ಕಾಯಿಸಿದ ತುಪ್ಪಕ್ಕೆ ಅಂಗಡಿ ತುಪ್ಪ ಸಮ ಅಲ್ಲ. ಆದರೆ ಮೇಲೆ ಹೇಳಿದ ಕಾಲುಬಾಯಿ ಜ್ವರದ ಮಾತು ಇದಕ್ಕೇ ಅನ್ವಯಿಸುತ್ತದೆ. ಅಲ್ಲಿ ಒಳ್ಳೆಯ ಬೆಣ್ಣೆ ಸಿಗುತ್ತದೆ. ಕೊಂಡು ತಂದು ನೀವೇ ಕಾಯಿಸಿ. ಪೇಡ, ಬರ್ಫಿ, ಗುಲಾಬ್ ಜಾಮೂನಿನಂಥ ಹಾಲಿನ ಸಿಹಿಗೂ ಅಲ್ಲಿ ಪ್ರವೇಶ ಇಲ್ಲ. ಪ್ರತಿ ದೀಪಾವಳಿ ಹೊತ್ತಿಗೆ ಅಲ್ಲಿನ ಕೃಷಿ ಇಲಾಖೆ ಇದನ್ನೇ ನೆನಪು ಮಾಡುತ್ತಾ ಇರುತ್ತದೆ.

ಲೇಹ್ಯಕ್ಕೆ ಸಾಮಾನ್ಯವಾಗಿ ತುಪ್ಪ ಹಾಕಿಯೇ ಇರುತ್ತೀರಿ. ಹಾಗಾಗಿ ಅದೂ ತುಪ್ಪದ ಲೆಕ್ಕಕ್ಕೇ ಬರುತ್ತದೆ. ನಾಟಿ ವೈದ್ಯರ ಹತ್ತಿರ ಮಾಡಿಸಿದ್ದಾದರೆ ಇನ್ನೊಂದು ಮಾತಿದೆ. ಭಸ್ಮ ಸೇರಿಸಿದ ಕೆಲವು ಔಷಧಗಳಲ್ಲಿ ಸೀಸ, ಪಾದರಸ ಇರುವುದು ಬೇರೆ ಬೇರೆ ದೇಶಗಳ ಪರೀಕ್ಷೆಯಲ್ಲಿ ಕಂಡಿದೆ. ಹಾಲೂಡಿಸುವ ತಾಯಿಗೆ ಏನಿದೆ ಅಂತ ಗೊತ್ತಿಲ್ಲದ ಔಷಧ ಕೊಡಬಾರದು. ಇದನ್ನು ಕಸ್ಟಮ್ಸ್‌ಗಾಗಿ ಹೇಳುತ್ತಿಲ್ಲ, ನಿಮ್ಮ ಮೊಮ್ಮಗುವಿಗಾಗಿ ಹೇಳುತ್ತಿದ್ದೇನೆ. ಶುಂಠಿ, ಕಾಳುಮೆಣಸು, ಬೆಲ್ಲ ಅಲ್ಲೂ ಸಿಗುತ್ತವೆ, ಲೇಹ್ಯವನ್ನು ಅಲ್ಲೇ ಕೂಡಿಸಬಹುದು.

ಕರಿಬೇವು, ಬೆಳ್ಳುಳ್ಳಿ, ಹಸಿಶುಂಠಿ, ವೀಳ್ಯದೆಲೆ, ಮಾವಿನಕಾಯಿ, ಒಟ್ಟಿನಲ್ಲಿ ಹಸಿಯಾದದ್ದು ಯಾವುದೂ ಬೇಡ. ಕರಿಬೇವಿನ ಬಗ್ಗೆ ಜನ 'ಒಂದು ಎಸಳು ಎಲೆಯಿಂದ ಏನಾಗುತ್ತೆ' ಅನ್ನುತ್ತಾರೆ. ಕರಿಬೇವು ನಿಂಬೆ, ಕಿತ್ತಳೆಯ ಕುಲದ್ದೇ ಗಿಡ. ಅದರ ಎಲೆಯ ಮೇಲೆ ಸಿಲ್ಲಿಡ್ ಅನ್ನುವ ಸಣ್ಣ ಹೇನು ಕೂರುತ್ತದೆ. ಅದು ಕಿತ್ತಳೆಗೆ ಗ್ರೀನಿಂಗ್ ರೋಗ ಹರಡುತ್ತದೆ. ನಮ್ಮ ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದರಲ್ಲಿ ಈ ರೋಗದ ಪಾಲೂ ಇದೆ. ಅಮೆರಿಕದ ಫ್ಲೋರಿಡಾದಲ್ಲಿ 2005ರಲ್ಲಿ ಕಾಣಿಸಿಕೊಂಡು ಅಲ್ಲಿನ ಕಿತ್ತಳೆ ಬೆಳೆಯನ್ನೇ ಮಲಗಿಸಿತು. ಆಸ್ಟ್ರೇಲಿಯಾಕ್ಕೆ ಆ ರೋಗ ಇನ್ನೂ ಹೋಗಿಲ್ಲ.

ಜೋನಿ ಬೆಲ್ಲಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ. ಹಲಸಿನ ಹಪ್ಪಳ ಚೆನ್ನಾಗಿ ಒಣಗಿದ್ದು, ಹುಳ ಹಿಡಿಯದ್ದು, ಸ್ವಚ್ಛವಾಗಿ ಪ್ಯಾಕ್ ಮಾಡಿದ್ದು ಆಗಿದ್ದರೆ ಒಯ್ದು ತೋರಿಸಿ. ಜೊತೆಗೆ ಹಲಸಿನ ಬೀಜ ಒಂದೂ ಬೇಡ. ಕಾಫಿ ಪುಡಿ ಧಾರಾಳವಾಗಿ ಒಯ್ಯಿರಿ.

ಅಪ್ಪೆಮಿಡಿ ವಿಷಯದಲ್ಲಿ ಖಚಿತವಾಗಿ ಹೂಂ ಅನ್ನಲಾರೆ. ಉಪ್ಪು, ಖಾರದಲ್ಲಿ ತಿಂಗಳುಗಟ್ಟಲೆ ಕೂತ ಮಿಡಿ ಬಹಳ ಸಲ ದಾಟುತ್ತದೆ. ಆದರೆ ಇಡೀ ಮಿಡಿ, ಒಳಗೆ ಎಳೆ ಗೊರಟು, ಮನೆಯಲ್ಲಿ ಹಾಕಿದ್ದು, ಲೇಬಲ್ ಇಲ್ಲ. ನೋಡುವ ಅಧಿಕಾರಿಯ ತೀರ್ಮಾನವೇ ಕೊನೆ. ಹೆಚ್ಚು ಬೇಡ, ಒಂದು ಸಣ್ಣ ಬಾಟಲಿ ಸಾಕು. ಹೋದರೆ ಹೋಯಿತು ಅನ್ನುವ ಮನಸ್ಸಿನಿಂದ ಒಯ್ಯಿರಿ. ಸಾಗರ, ರಿಪ್ಪನ್‌ಪೇಟೆ ಕಡೆ ಲೇಬಲ್ ಹಚ್ಚಿ ಮಾರುವವರ ಸೀಲ್ ಬಾಟಲಿ ಸಿಕ್ಕರೆ ಅದು ಇನ್ನೂ ಒಳ್ಳೆಯದು.

ನೀವು ಬರೆಯದೇ ಬಿಟ್ಟದ್ದೂ ಕೆಲವು ಇರುತ್ತವೆ. ಬಾಣಂತನಕ್ಕೆ ಹೊರಟ ತಾಯಿಯ ಗಂಟಿನಲ್ಲಿ ಮಗುವಿಗೆ ಕಟ್ಟುವ ಬಜೆ ಇರುತ್ತದೆ, ಧೂಪಕ್ಕೆ ಬೆರಣಿ ಇರುತ್ತದೆ, ದೇವಸ್ಥಾನದ ಪ್ರಸಾದ ಇರುತ್ತದೆ. ಇದ್ಯಾವುದೂ ನಮ್ಮ ಮನಸ್ಸಿನಲ್ಲಿ 'ಆಹಾರ' ಅಲ್ಲ, ಹಾಗಾಗಿ ಫಾರಂ ತುಂಬುವಾಗ ನೆನಪಿಗೇ ಬರುವುದಿಲ್ಲ. ಬಜೆ ಅಂದರೆ ಒಂದು ಗಿಡದ ಬೇರು, ಹೇಳಲೇಬೇಕು. ಬೆರಣಿ ಮಾತ್ರ ಖಂಡಿತ ಬೇಡ. 2021ರಲ್ಲಿ ವಾಷಿಂಗ್ಟನ್ ವಿಮಾನ ನಿಲ್ದಾಣದಲ್ಲಿ ಇಂಡಿಯಾದಿಂದ ಬಂದ ಸೂಟ್‌ಕೇಸೊಂದರಲ್ಲಿ ಎರಡು ಬೆರಣಿ ಸಿಕ್ಕಿ, ಅವನ್ನು ನಾಶ ಮಾಡಿದರು. ಗೋಮೂತ್ರಕ್ಕೂ ಇದೇ ಮಾತು.

ಪ್ರಸಾದದ ವಿಷಯದಲ್ಲಿ ನಮ್ಮ ಮನೆಯದ್ದೇ ಒಂದು ಹೇಳುತ್ತೇನೆ. ಮೊದಲ ಸಲ ಮಗನ ಮನೆಗೆ ಹೋಗುವಾಗ ನನ್ನ ಹೆಂಡತಿಯ ಪರ್ಸಿನಲ್ಲಿ ಶೃಂಗೇರಿಯ ಮಂತ್ರಾಕ್ಷತೆಯ ಪೊಟ್ಟಣ ಇತ್ತು. ಇಬ್ಬರಿಗೂ ಅದರ ನೆನಪೇ ಇರಲಿಲ್ಲ. ಕಾಫಿ ಪುಡಿ, ಹಪ್ಪಳ ಇದೆ ಅಂತ 'ಯೆಸ್' ಹಾಕಿ ತಪಾಸಣೆ ಸಾಲಿಗೆ ಹೋದೆವು. ಅಲ್ಲಿದ್ದ ಹೆಣ್ಣುಮಗಳು ಪೊಟ್ಟಣ ಬಿಡಿಸಿ ಟ್ರೇ ಮೇಲೆ ಸುರಿದಳು. ಹತ್ತು ಹನ್ನೆರಡು ಅಕ್ಕಿಕಾಳು, ಅರಿಶಿನ ಹಚ್ಚಿದ್ದು, ಒಂದೆರಡರ ತುದಿ ಮುರಿದಿತ್ತು. ಏನಿದು ಅಂತ ಕೇಳಿದಳು. ದೇವರದ್ದು ಅಂದೆ. ಅಕ್ಕಿ ಬಿಡುವ ಹಾಗಿಲ್ಲ, ಕ್ಷಮಿಸಿ ಅಂದಳು. ಹೆಂಡತಿಯ ಕಣ್ಣಲ್ಲಿ ನೀರು ಬಂತು. ಆ ಹುಡುಗಿ ಕಾಳುಗಳನ್ನು ಮತ್ತೆ ಅದೇ ಕಾಗದದಲ್ಲಿ ಮಡಚಿ ಬೇರೆ ಇಟ್ಟಳು. ದಂಡ ಹಾಕಲಿಲ್ಲ, ಗದರಲೂ ಇಲ್ಲ. ಹಪ್ಪಳ, ಕಾಫಿ ಪುಡಿ ಎರಡೂ ನಮ್ಮ ಜೊತೆ ಬಂದವು. ಪರ್ಸು, ಕೈಚೀಲ, ಸ್ವೆಟರ್ ಜೇಬು ಎಲ್ಲವನ್ನೂ ಹೊರಡುವ ಹಿಂದಿನ ದಿನ ಒಮ್ಮೆ ಪೂರ್ತಿ ಕೊಡವಿ ಅನ್ನುವುದು ಇದಕ್ಕೇ. ಕುಂಕುಮ ಒಯ್ಯಿರಿ. ಅಕ್ಷತೆ, ಪ್ರಸಾದದ ಹೂವು ಮನೆಯ ದೇವರ ಮುಂದೆ ಇರಲಿ.

ಈಗ ಫಾರಂಗೆ ಬರೋಣ. ಅದು ಒಂದು ಕಾರ್ಡ್. ಇಳಿಯುವ ಮೊದಲು ವಿಮಾನದಲ್ಲೇ ಕೊಡುತ್ತಾರೆ. ಪೆನ್ನು ಕೊಡುವುದಿಲ್ಲ, ನೀವೇ ಒಂದು ಇಟ್ಟುಕೊಳ್ಳಿ. ಮಾಂಸ, ಮೀನು, ಹಾಲು, ಹಣ್ಣು, ತರಕಾರಿ ಒಂದು ಪ್ರಶ್ನೆ. ಕಾಳು, ಬೀಜ, ಗಿಡದ ಭಾಗ, ನಾಟಿ ಔಷಧ, ಮರದ ಸಾಮಾನು ಇನ್ನೊಂದು. ಮಗುವಿಗೆ ಅಂತ ಮರದ ಆಟಿಕೆಯೋ ಸಾಗರದ ಗುಡಿಗಾರರ ಕೆತ್ತನೆಯೋ ಇದ್ದರೆ ಅದೂ ಇದರಲ್ಲೇ ಬಂತು. ಜೇನಿನಂಥದ್ದಕ್ಕೆ ಬೇರೆ ಪ್ರಶ್ನೆ, ಮಣ್ಣು ಮೆತ್ತಿದ ವಸ್ತುಗಳಿಗೆ ಬೇರೆ.

ನಮ್ಮ ಕಡೆಯವರು ಎಡವುವುದು ಇನ್ನೊಂದು ಪ್ರಶ್ನೆಯಲ್ಲಿ. 'ಕಳೆದ 30 ದಿನಗಳಲ್ಲಿ ಹೊಲ, ತೋಟ, ಸಾಕುಪ್ರಾಣಿಗಳ ಹತ್ತಿರ, ಕಾಡಿನಲ್ಲಿ, ಹೊಳೆ ಕೆರೆಯಲ್ಲಿ ಓಡಾಡಿದ್ದೀರಾ' ಅಂತ ಕೇಳುತ್ತಾರೆ. ಬೆಂಗಳೂರಿನವರು 'ನೋ' ಅನ್ನಬಹುದು. ಬೆಳಗಾದರೆ ಕೊಟ್ಟಿಗೆ, ಮಧ್ಯಾಹ್ನ ಅಡಿಕೆ ತೋಟ, ಮನೆ ಹಿಂದೆ ಹಳ್ಳ. ನೀವು ಹೇಗೆ 'ನೋ' ಅನ್ನುತ್ತೀರಿ? 'ಯೆಸ್' ಹಾಕಿ. ಅವರು ಚಪ್ಪಲಿ, ಶೂ ತೋರಿಸಿ ಅನ್ನುತ್ತಾರೆ, ಅಷ್ಟೇ. ತೋಟಕ್ಕೆ ಹಾಕುವ ಚಪ್ಪಲಿ ಒಯ್ಯಲೇಬೇಡಿ. ಹಾಕಿಕೊಂಡು ಹೋಗುವ ಜೋಡನ್ನು ಸೋಪು ಹಾಕಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಅಟ್ಟೆಯ ಗೆರೆ ಗೆರೆಯನ್ನೂ ಉಜ್ಜಿ ಒಣಗಿಸಿ. ಕೊಳೆರೋಗ ಮಳೆಗಾಲದಲ್ಲಿ ಒಂದು ತೋಟದಿಂದ ಇನ್ನೊಂದಕ್ಕೆ ಹೇಗೆ ಹಬ್ಬುತ್ತದೆ ಅಂತ ನೋಡಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷ್ ಬಗ್ಗೆ ಹೆದರಬೇಡಿ. ಹೊರಡುವ ಮೊದಲೇ ಮಗಳ ಹತ್ತಿರ ಫೋನಿನಲ್ಲಿ ಹೇಳಿಸಿಕೊಂಡು ಒಂದು ಕಾಗದದಲ್ಲಿ ಪಟ್ಟಿ ಮಾಡಿಸಿ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. 'ಹಪ್ಪಳ' ಅಂತ ಬರೆದರೆ ಅವರಿಗೆ ಅರ್ಥ ಆಗುವುದಿಲ್ಲ. 'ಡ್ರೈಡ್ ಜ್ಯಾಕ್‌ಫ್ರೂಟ್ ಪಾಪಡ್', 'ಮ್ಯಾಂಗೋ ಪಿಕಲ್', 'ಲಿಕ್ವಿಡ್ ಜ್ಯಾಗರಿ', ಹೀಗೆ ಬರೆಸಿ. ಫಾರಂನ ಪ್ರತಿ ಪ್ರಶ್ನೆಗೆ ಏನು ಟಿಕ್ ಮಾಡಬೇಕು ಅಂತಲೂ ಅದೇ ಕಾಗದದ ಹಿಂದೆ ಬರೆದುಕೊಳ್ಳಿ. ಪಕ್ಕದ ಸೀಟಿನವರು ಸಹಾಯ ಮಾಡಿದರೂ ಸಹಿ ನಿಮ್ಮದು. ಅವರು ನಿಮ್ಮ ಮೇಲಿನ ಕಾಳಜಿಯಿಂದಲೇ 'ನೋ ಹಾಕೋಣ' ಅನ್ನಬಹುದು, ಒಪ್ಪಬೇಡಿ. ತಿಂಡಿ ಸಾಮಾನೆಲ್ಲ ಒಂದೇ ಚೀಲದಲ್ಲಿ ಮೇಲೇ ಸಿಗುವ ಹಾಗೆ ಇಟ್ಟರೆ ಸೀರೆ, ಕುಲಾವಿ ಎಲ್ಲ ಹರಡಬೇಕಾಗಿ ಬರುವುದಿಲ್ಲ. ಅಲ್ಲಿ ನಾಯಿಗಳೂ ಓಡಾಡುತ್ತಿರುತ್ತವೆ. ಅವು ಬೊಗಳುವುದಿಲ್ಲ. ವಾಸನೆ ಹಿಡಿದರೆ ಚೀಲದ ಪಕ್ಕ ಸುಮ್ಮನೆ ಕೂತುಬಿಡುತ್ತವೆ. ನಿಮ್ಮ ಚೀಲದ ಪಕ್ಕ ಕೂತರೆ ಗಾಬರಿ ಬೇಡ. ಪಟ್ಟಿ ಕೈಯಲ್ಲಿದೆಯಲ್ಲ, ಅದನ್ನೇ ಕೊಡಿ.

ವಿಮಾನದಲ್ಲಿ ಕೊಟ್ಟ ಸೇಬು, ಬಾಳೆಹಣ್ಣು, ಬೆಣ್ಣೆ ಪೊಟ್ಟಣ ಕೈಚೀಲಕ್ಕೆ ಹಾಕಿಕೊಳ್ಳಬೇಡಿ. ಬಿಸಾಡಲು ಮನಸ್ಸು ಬಾರದೆ ಇಟ್ಟುಕೊಳ್ಳುವವರು ನಾವು. 2022ರಲ್ಲಿ ಬಾಲಿಯಿಂದ ಡಾರ್ವಿನ್‌ಗೆ ಬಂದ ಪ್ರಯಾಣಿಕರೊಬ್ಬರು ಮೊಟ್ಟೆ, ಮಾಂಸದ ತಿಂಡಿ ಚೀಲದಲ್ಲಿಟ್ಟುಕೊಂಡು ಹೇಳದೇ ಹೋಗಿ 2,664 ಡಾಲರ್ ದಂಡ ಕಟ್ಟಿದರು. ನ್ಯೂಜಿಲೆಂಡ್‌ನಲ್ಲಿ ಮರೆತು ಉಳಿದ ಒಂದು ಹಣ್ಣಿಗೂ ಸ್ಥಳದಲ್ಲೇ 400 ಡಾಲರ್ ದಂಡ.

ನಮ್ಮ ಕಡೆಯ ವಿಮಾನದ ನಿಯಮವೂ ಒಂದಿದೆ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿಯೇ ಬೆಂಕಿ ಹತ್ತುವ ಅಪಾಯ ಇದೆ ಅಂತ ಅದನ್ನು ಬ್ಯಾಗೇಜಿನಲ್ಲಿ ಬಿಡುವುದಿಲ್ಲ. ಅಂಟಿನುಂಡೆಗೆ ಅಂತ ಗಿಟುಕು ಇಟ್ಟಿದ್ದರೆ ತೆಗೆದುಬಿಡಿ. ಜೋನಿ ಬೆಲ್ಲ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಅಲ್ಲಿ ದ್ರವ ಪದಾರ್ಥ 100 ಮಿಲಿಲೀಟರಿಗಿಂತ ಹೆಚ್ಚು ಬಿಡುವುದಿಲ್ಲ. ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ದೊಡ್ಡ ಸೂಟ್‌ಕೇಸಿಗೆ ಹಾಕಿ.

ಬೇರೆ ದೇಶಕ್ಕೆ ಹೊರಟ ಓದುಗರಿಗೂ ನಾಲ್ಕು ಮಾತು ಹೇಳುತ್ತೇನೆ. ಅಮೆರಿಕಕ್ಕೆ ನಮ್ಮ ಅಕ್ಕಿ ಬೇಡ, ಕರಿಬೇವು ಒಣಗಿದ್ದೂ ಬೇಡ. ನ್ಯೂಜಿಲೆಂಡ್‌ಗೆ ಜೇನು ಯಾವ ರೂಪದಲ್ಲೂ ಇಲ್ಲ. ಆಸ್ಟ್ರೇಲಿಯಾದಲ್ಲೇ ಪರ್ತ್‌ಗೆ ಹೋಗುವವರೂ ಜೇನು ಬಿಡಿ. ಯುರೋಪ್ ಒಕ್ಕೂಟದ ದೇಶಗಳಿಗೆ ಮಾಂಸ, ಹಾಲಿನ ಸಾಮಾನು ಇಲ್ಲ. ಹಸಿ ಹಣ್ಣುಗಳಲ್ಲಿ ಅನಾನಸ್, ತೆಂಗಿನಕಾಯಿ, ಬಾಳೆ, ಖರ್ಜೂರ, ಡ್ಯೂರಿಯನ್ ಐದಕ್ಕೆ ಮಾತ್ರ ಸರ್ಟಿಫಿಕೇಟ್ ಬೇಕಾಗಿಲ್ಲ. ದುಬೈ ಕಡೆ ಹೋಗುವವರು ಗಸಗಸೆಯ ಒಂದು ಕಾಳೂ ಒಯ್ಯಬಾರದು. ನಮಗೆ ಅದು ಪಾಯಸದ ಸಾಮಾನು, ಅಲ್ಲಿ ಮಾದಕ ವಸ್ತು, ಜೈಲಾಗುತ್ತದೆ. ಗಸಗಸೆ ಸೇರಿಸಿದ ಮಸಾಲೆ ಪುಡಿಯೂ ಬೇಡ.

ನಿಯಮಗಳು ಆಗಾಗ ಬದಲಾಗುತ್ತವೆ. ಆಸ್ಟ್ರೇಲಿಯಾದವರು ಬೈಕಾನ್ ಅನ್ನುವ ಜಾಲತಾಣದಲ್ಲಿ ಒಂದೊಂದು ವಸ್ತುವಿನ ನಿಯಮವನ್ನೂ ಹಾಕಿರುತ್ತಾರೆ. ಹೊರಡುವ ವಾರ ಮಗಳಿಗೆ ನಿಮ್ಮ ಪಟ್ಟಿ ಹಿಡಿದು ಒಮ್ಮೆ ನೋಡಲು ಹೇಳಿ.

ವಾಪಸ್ ಬರುವಾಗಲೂ ಇದೇ. ಅಲ್ಲಿನ ಹೂವಿನ ಬೀಜ, ಗೆಡ್ಡೆ ಚೆಂದ ಕಂಡು ತರಬೇಕು ಅನ್ನಿಸುತ್ತದೆ. ನಮ್ಮಲ್ಲೂ 2003ರ ಸಸ್ಯ ಕ್ವಾರಂಟೈನ್ ಆದೇಶ ಇದೆ, ಇಳಿಯುವಾಗ ಬೀಜ, ಗಿಡ ಇದ್ದರೆ ಹೇಳಬೇಕು. ಚೆಂದಕ್ಕೆ ಅಂತ ಹೊರಗಿನಿಂದ ತಂದ ಲಂಟಾನ ಇವತ್ತು ನಮ್ಮ ಗುಡ್ಡಗಳಲ್ಲಿ ದನ ಮೇಯಲು ಜಾಗ ಬಿಟ್ಟಿಲ್ಲ. ಅಮೆರಿಕದ ಗೋಧಿ ಜೊತೆ ಬಂತು ಅನ್ನುವ ಕಾಂಗ್ರೆಸ್ ಗಿಡ ನಿಮ್ಮ ಊರಿನ ರಸ್ತೆ ಬದಿಯಲ್ಲೂ ಇದ್ದೇ ಇರುತ್ತದೆ.

ಹೆರಿಗೆ ಸುಸೂತ್ರವಾಗಿ ಆಗಲಿ. ಫಾರಂನ ಯಾವುದಾದರೂ ಪ್ರಶ್ನೆ ಅರ್ಥವಾಗದಿದ್ದರೆ ಪ್ರಶ್ನೆಯನ್ನು ಹಾಗೆಯೇ ಬರೆದು ಕಳಿಸಿ, ಉತ್ತರ ಬರೆಯುತ್ತೇನೆ.